ದುರಸ್ತಿಯಲ್ಲಿರುವ ರಸ್ತೆ

ಮಚಾಯಸ್ ಊರಲ್ಲಿ ಬೆಳಗಿನ ಜಾವ ನಾಲ್ಕೂಕಾಲು.
ಹೊಳೆ ಹೆಪ್ಪುಗಟ್ಟಿದೆ. ಅದರಡಿಯಲ್ಲಿ ಕಡಲಿನ ಉಬ್ಬರ
ಮಂಜುಗಡ್ಡೆಯನ್ನು ಎತ್ತುತ್ತ, ಇಳಿಸುತ್ತ,
ಯಾರೋ ನಿದ್ದೆಯಲ್ಲಿ ಹಲ್ಲು ಕಡಿದ ಹಾಗೆ ಸದ್ದು.
ಹೀಟರಿಗೆ ಬೆನ್ನು ಕೊಟ್ಟು ಕೂತು
ನಾಲ್ಕು ಲಾರಿಗಳಿಗೆ ಈ ದಿನವನ್ನು ಹಂಚುತ್ತೇನೆ.

ಮನೆಗಳನ್ನು ಕಂಡವಳಲ್ಲ ನಾನು, ಅವುಗಳ ದಾಹ ಬಲ್ಲೆ:
ಎಷ್ಟು ಚಳಿಗೆ ಯಾವುದು ಎಷ್ಟು ಗ್ಯಾಲನ್ ಕುಡಿಯುತ್ತದೆ,
ಯಾರ ಟ್ಯಾಂಕಿ ಬುಧವಾರಕ್ಕೆ ತಳ ಕಾಣುತ್ತದೆ.
ಕಟ್ಲರಿನ ಆ ಹಳದಿ ಖಾತೆ ಇದ್ದಕ್ಕಿದ್ದಂತೆ ಹೆಚ್ಚು ಕುಡಿದರೆ
ಕೂಸು ಹುಟ್ಟಿರಬೇಕು ಅಂದುಕೊಳ್ಳುತ್ತೇನೆ.
ಕಡಿಮೆಯಾದರೆ ಸೌದೆ ಒಲೆ ಬಂದಿರಬೇಕು,
ಇಲ್ಲವೇ ಒಂದು ಕೋಣೆಯ ಬಾಗಿಲು ಮುಚ್ಚಿರಬೇಕು.
ಕೇಳುವ ಹಾಗಿಲ್ಲ. ಬಿಲ್ಲಿನಲ್ಲಿ ಅದಕ್ಕೆ ಜಾಗವಿಲ್ಲ.

ದೊಡ್ಡ ಲಾರಿಯನ್ನು ಹಿಮ ಕರಗುವ ತಿಂಗಳಲ್ಲಿ
ಮಣ್ಣಿನ ರಸ್ತೆಗೆ ಇಳಿಸುವಂತಿಲ್ಲ;
ಹಳೇ ಸೇತುವೆ ಹೊರುವುದು ಇಷ್ಟೇ ಟನ್ನು;
ಹೊರಗೆ ಟ್ಯಾಂಕಿಯಿಟ್ಟ ಟ್ರೇಲರ್ ಮನೆಗಳಿಗೆ
ಎಣ್ಣೆ ಗಟ್ಟಿಯಾಗದಂತೆ ಸೀಮೆಎಣ್ಣೆಯೇ ಬೇಕು, ಅದಕ್ಕೆ ಬೇರೆ ಗಾಡಿ.
ಮತ್ತೆ, ಅರ್ಧ ಖಾಲಿಯಾದ ಲಾರಿಯಲ್ಲಿ ಎಣ್ಣೆ
ತಿರುವು ಬಂದಾಗ ತನ್ನದೇ ದಾರಿ ಹಿಡಿಯುತ್ತದೆ.
ತುಂಬಿದ ಕೊಡ ತುಳುಕುವುದಿಲ್ಲ.
ಗಾದೆಯ ಉಳಿದರ್ಧವನ್ನು ಯಾರೂ ಹೇಳುವುದಿಲ್ಲ.

ಕಂಪ್ಯೂಟರು ಹುಡುಕಿಕೊಟ್ಟ ಹತ್ತಿರದ ದಾರಿ
ಸ್ಪ್ರೇಗ್ ಗುಡ್ಡ ಹತ್ತಿ ಇಳಿದು ವೈಟಿಂಗಿಗೆ.
ಲಾರ್ನ್ ಥಿಬಡೊ ಒಂದು ದಿನವೂ ಅದರಲ್ಲಿ ಹೋದವನಲ್ಲ.
ಹನ್ನೊಂದು ಮೈಲಿ ಸುತ್ತು,
ದಿನಾ ಸಂಜೆ ನಾಚದೆ ಬರೆದುಕೊಡುತ್ತಿದ್ದ ಹನ್ನೊಂದು ಮೈಲಿ.
ಮೊದಲ ಚಳಿಗಾಲ, ಕಳವಿರಬಹುದೆಂದು
ಮೀಟರಿನ ಚೀಟಿಗಳನ್ನು ಒಂದೊಂದಾಗಿ ಕೂಡಿದೆ.
ಒಂದು ಹನಿ ಹೆಚ್ಚುಕಡಿಮೆ ಇರಲಿಲ್ಲ.
ಮರುವರ್ಷ ಕೇಳಿಯೇಬಿಟ್ಟೆ. ಕೈಗವಸು ತೆಗೆದ,
ಮತ್ತೆ ಹಾಕಿಕೊಂಡ, "ಅಲ್ಲಿ ರಸ್ತೆ ಸರಿಯಿಲ್ಲ" ಅಂದ.
ಆಮೇಲೆ ರೀಟಾ, ಗಾಡಿ ತೊಳೆಯುತ್ತ, ನನ್ನ ಕಡೆ ನೋಡದೆ:
ಅವನ ತಮ್ಮ ವೆಂಡೆಲ್. ಅರ್ಧ ತುಂಬಿದ ಲಾರಿ. ಆ ತಿರುವು.

ಅವತ್ತು ಎಲ್ಲರೂ ಹೋದಮೇಲೆ ನಕ್ಷೆ ತೆರೆದು
ಆ ಮೂರು ಮೈಲಿಗೆ ಕೆಂಪು ಹಚ್ಚಿದೆ: ದುರಸ್ತಿಯಲ್ಲಿದೆ.
ಒಂಬತ್ತು ವರ್ಷದಿಂದ ದುರಸ್ತಿಯಲ್ಲಿದೆ.
ಸುಳ್ಳಿಗೂ ಡೀಸೆಲ್ ಬೇಕು;
ಅದನ್ನು ಮಾಲೀಕರ ಪುಸ್ತಕದಲ್ಲಿ 'ಇತರೆ'ಗೆ ಸೇರಿಸುತ್ತೇನೆ.

ನವೆಂಬರಿನಲ್ಲಿ ಸೇರಿದವಳು ಕೇಡೆನ್ಸ್ ಹ್ಯೂಯಿಟ್, ಇಪ್ಪತ್ಮೂರು ವಯಸ್ಸು.
ನನ್ನ ಕೆಂಪನ್ನು ನಂಬಲಿಲ್ಲ.
ರೇಡಿಯೋದಲ್ಲಿ, ಎಲ್ಲ ಗಾಡಿಗೂ ಕೇಳುವ ಹಾಗೆ:
"ಸ್ಪ್ರೇಗ್ ಗುಡ್ಡದ ಮೇಲಿದ್ದೀನಿ. ದುರಸ್ತಿಯೂ ಇಲ್ಲ, ಏನೂ ಇಲ್ಲ.
ರಸ್ತೆ ಬೆಣ್ಣೆ ಹಾಗಿದೆ. ಯಾರು ಮುಚ್ಚಿದ್ದು ಇದನ್ನ?"

ಕರಕರ.
ಮಾತಾಡಲು ಗುಂಡಿ ಒತ್ತಿ, ಮಾತಾಡದೆ
ಯಾರೋ ಬಿಟ್ಟ ಸದ್ದು.
ಮತ್ತೆ ಒತ್ತಿ:
"ಟ್ಯಾಂಕಿಯಲ್ಲಿ ಎಷ್ಟಿದೆ, ಹುಡುಗಿ?"
"ಅರ್ಧ."
"ಎರಡನೇ ಗೇರಿಗೆ ಹಾಕು. ಬ್ರೇಕಿನ ಮೇಲೆ ಕಾಲಿಡಬೇಡ.
ಬಲಕ್ಕೆ ಬರ್ಚ್ ಮರ ಬರುತ್ತೆ, ಸೀಳಿದ್ದು.
ದಾಟಿದ ಮೇಲೆ ಹೇಳು."

ಯಾಕೋ ನಾನು ಎದ್ದು ನಿಂತಿದ್ದೆ.
ಲುಬೆಕ್ಕಿನಿಂದ ಯಾರೋ ಫೋನು ಮಾಡುತ್ತಲೇ ಇದ್ದರು, ತೆಗೆಯಲಿಲ್ಲ.

"ದಾಟಿದೆ," ಅಂದಳು.
"ಸರಿ," ಅಂದ ಲಾರ್ನ್.

ಈಗ ನಾಳೆಯ ದಾರಿಗಳನ್ನು ಬರೆಯಬೇಕು.
ರಾತ್ರಿ ಇನ್ನೂ ಇಳಿಯುತ್ತದಂತೆ ಚಳಿ,
ಗುರುವಾರದ ಮನೆಗಳೆಲ್ಲ ಬುಧವಾರಕ್ಕೇ ಬಾಯಿ ತೆರೆಯುತ್ತವೆ.
ಕೇಡೆನ್ಸಳ ಗಾಡಿಗೆ ಗುಡ್ಡ ತೆರೆದಿದ್ದೇನೆ.
ಮೂರನೇ ಗಾಡಿಯ ನಕ್ಷೆಯಲ್ಲಿ ಕೆಂಪು ಹಾಗೇ ಇದೆ,
ಅವನಾಗಿ ಕೇಳುವ ತನಕ.
ಕೇಳದಿದ್ದರೆ, ಹನ್ನೊಂದು ಮೈಲಿ ತಾನೆ.